ಹಗ್ಗದ ದಾರಿ, ಭಾರದ ದಾರಿ

ಸಿಯಾಟಲ್‌ನ ಶಿಲ್‌ಶೋಲ್ ಬಂದರಿನಿಂದ ಬೇಸಿಗೆಯ ಬೆಳಿಗ್ಗೆ ಹಾಯಿದೋಣಿ ಬಿಟ್ಟು ಉತ್ತರಕ್ಕೆ ಹೊರಟರೆ ಹೆಚ್ಚಿನ ದಿನ ಗಾಳಿಯೇ ಇರುವುದಿಲ್ಲ. ಎಂಜಿನ್ ಹಾಕಿಕೊಂಡೇ ಹೋಗಬೇಕು. ಮಧ್ಯಾಹ್ನ ಕಳೆದ ಮೇಲೆ ಅಡ್ಮಿರಾಲ್ಟಿ ಇನ್‌ಲೆಟ್ ಕಡೆಯಿಂದ ವಾಯವ್ಯದ ಗಾಳಿ ಏಳುತ್ತದೆ. ಆ ಹೊತ್ತಿಗೆ ಇಳಿತವೂ ಶುರುವಾಗಿದ್ದರೆ ಪ್ಯೂಜೆಟ್ ಸೌಂಡ್‌ನ ನೀರು ಉತ್ತರದ ಬಾಯಿಯತ್ತ ಹರಿಯುತ್ತಿರುತ್ತದೆ, ಗಾಳಿ ಅದಕ್ಕೆ ಎದುರಾಗಿ ಬೀಸುತ್ತದೆ. ಪಾಯಿಂಟ್ ನೋ ಪಾಯಿಂಟ್ ದೀಪಸ್ತಂಭದ ಮುಂದೆ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಬೆನ್ನಿಗೊಂದು ಬರುವುದು ಆಗಲೇ. ಹಾಯಿ ಕುಗ್ಗಿಸಬೇಕಾಗಿ ಬರುವುದೂ ಆಗಲೇ.

ನಮ್ಮದು 34 ಅಡಿಯ ಹಳೆಯ ಫೈಬರ್‌ಗ್ಲಾಸ್ ದೋಣಿ. ಅದರ ದೊಡ್ಡ ಹಾಯಿಯನ್ನು ಕುಗ್ಗಿಸಲು, ಅಂದರೆ ರೀಫ್ ಹಾಕಲು, ಒಬ್ಬರು ಹಿಂದೆ ಕೂರುವ ಜಾಗವಾದ ಕಾಕ್‌ಪಿಟ್ ಬಿಟ್ಟು ಹಾಯಿಕಂಬದ ಬುಡಕ್ಕೆ ಹೋಗಲೇಬೇಕಿತ್ತು. ಹೋಗುತ್ತಿದ್ದವಳು ನಾನು; ಚುಕ್ಕಾಣಿ ಹಿಡಿಯುತ್ತಿದ್ದವರು ನಮ್ಮ ಮನೆಯವರು. ಇಲ್ಲಿನ ನೀರು ಬೇಸಿಗೆಯಲ್ಲೂ 10ರಿಂದ 13 ಡಿಗ್ರಿಯ ಆಸುಪಾಸು. ಇಂಥ ನೀರಿಗೆ ಬಿದ್ದವರ ಬಗ್ಗೆ ದೋಣಿಯವರೆಲ್ಲ ಕಲಿಯುವ ಲೆಕ್ಕವೊಂದಿದೆ: ಉಸಿರು ಹತೋಟಿಗೆ ಬರಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಹತ್ತು ನಿಮಿಷ, ಮೈ ತಣ್ಣಗಾಗಿ ಎಚ್ಚರ ತಪ್ಪಲು ಒಂದು ಗಂಟೆ. ಮಲ್ಪೆಯ ಬೆಚ್ಚಗಿನ ಸಮುದ್ರ ನೋಡಿ ಬೆಳೆದವಳಿಗೆ ಈ ಲೆಕ್ಕ ಮನಸ್ಸಿಗಿಳಿಯಲು ಸಮಯ ಹಿಡಿಯಿತು. "ನೀನು ಮುಂದೆ ಹೋದಾಗೆಲ್ಲ ನಾನು ಅಲೆ ನೋಡಲೋ, ನಿನ್ನನ್ನು ನೋಡಲೋ ಗೊತ್ತಾಗಲ್ಲ ಮಾರಾಯ್ತಿ" ಎಂದು ಅವರು ಒಂದು ಸಂಜೆ ಹೇಳಿದ ಮೇಲೆ, ಹಗ್ಗಗಳನ್ನೆಲ್ಲ ಕಾಕ್‌ಪಿಟ್‌ಗೆ ತರುವ ಕೆಲಸಕ್ಕೆ ಕೈ ಹಾಕಿದೆವು.

ಕೇಳಲು ಸಣ್ಣ ಕೆಲಸ. ಹಾಯಿ ಏರಿಸುವ ಹಗ್ಗಕ್ಕೆ ಹಾಲ್ಯಾರ್ಡ್ ಎನ್ನುತ್ತಾರೆ. ಅದು ಕಂಬದ ತುದಿಯ ಕಪ್ಪಿಯ ಮೇಲೆ ಹಾಯ್ದು, ಕಂಬದ ಟೊಳ್ಳಿನೊಳಗೆ ಇಳಿದು, ಆಳೆತ್ತರದಲ್ಲಿ ಒಂದು ಸೀಳಿನಿಂದ ಹೊರಬಂದು, ಕಂಬಕ್ಕೇ ಬಿಗಿದ ವಿಂಚ್ ಎಂಬ ತಿರುಗಣೆಗೆ ಸುತ್ತಿಕೊಳ್ಳುತ್ತಿತ್ತು. ಅದನ್ನು ಇನ್ನಷ್ಟು ಕೆಳಗಿಳಿಸಿ, ಬುಡದಲ್ಲೊಂದು ಕಪ್ಪಿಯಿಂದ ತಿರುಗಿಸಿ, ಕ್ಯಾಬಿನ್ ಮಾಡಿನ ಮೇಲೆ ಹಿಂದಕ್ಕೆ ಓಡಿಸಿ, ಕ್ಲಚ್ ಎಂಬ ಹಿಡಿಕೆಯೊಳಗೆ ನುಗ್ಗಿಸಿ, ಕಾಕ್‌ಪಿಟ್ ಬಳಿಯ ವಿಂಚ್‌ಗೆ ಕೊಟ್ಟರಾಯಿತು. ರೀಫ್ ಹಗ್ಗಗಳಿಗೂ ಇದೇ ದಾರಿ. ಅಂಗಡಿಯಲ್ಲಿ ಎಲ್ಲ ಸಾಮಾನೂ ಸಿಗುತ್ತದೆ. ಲೇಕ್ ಯೂನಿಯನ್‌ನ ಉತ್ತರ ದಂಡೆಯಲ್ಲಿ 1928ರಿಂದ ಇರುವ ಫಿಶರೀಸ್ ಸಪ್ಲೈ ಅಂಗಡಿಯಲ್ಲಿ ಕಪ್ಪಿಗಳನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಕಿವಿಗಿಟ್ಟು ನೋಡಿ ಕೊಳ್ಳಬಹುದು. ನಾನು ಹಾಗೇ ಕೊಂಡೆ.

ಆದರೆ ಹಗ್ಗದ ದಾರಿ ಬದಲಿಸಿದರೆ ಭಾರದ ದಾರಿಯೂ ಬದಲಾಗುತ್ತದೆ. ಈ ಕೆಲಸದಲ್ಲಿ ನಾನು ಕಲಿತದ್ದೆಲ್ಲ ಇದೊಂದರ ಸುತ್ತಲೇ ಇದೆ.

ಬಾವಿಯಿಂದ ನೀರು ಸೇದುವಾಗ 10 ಕೆ.ಜಿ. ಕೊಡಪಾನಕ್ಕೆ ನಾವು 10 ಕೆ.ಜಿ. ಬಲ ಹಾಕಿ ಎಳೆಯುತ್ತೇವೆ. ರಾಟೆ ಕಟ್ಟಿದ ಅಡ್ಡಮರದ ಮೇಲೆ ಬೀಳುವುದು ಮಾತ್ರ 20 ಕೆ.ಜಿ. ಕಂಬದ ತುದಿಯಲ್ಲೂ ಹಾಗೆಯೇ. ಹಾಲ್ಯಾರ್ಡ್‌ನಲ್ಲಿ 300 ಕೆ.ಜಿ. ಬಿಗಿತವಿದ್ದರೆ ತುದಿಯ ಕಪ್ಪಿ ಕಂಬವನ್ನು 600 ಕೆ.ಜಿ. ಬಲದಿಂದ ಕೆಳಕ್ಕೆ ಒತ್ತುತ್ತದೆ. ವಿಂಚ್ ಕಂಬದ ಮೇಲೇ ಇದ್ದಾಗ, ಇದರಲ್ಲಿ ಒಂದು 300 ಕೆ.ಜಿ.ಯನ್ನು ಅದೇ ವಿಂಚ್ ಮೇಲಕ್ಕೆ ಎಳೆದು ಸರಿದೂಗಿಸುತ್ತಿತ್ತು. ಒತ್ತಿದ್ದೂ ಕಂಬ, ತಡೆದದ್ದೂ ಕಂಬ. ಡೆಕ್‌ಗೆ ಅದರ ಸುದ್ದಿಯೇ ಇರಲಿಲ್ಲ. ಅದೇ ಹಗ್ಗವನ್ನು ಬುಡದ ಕಪ್ಪಿಯಿಂದ ಹಿಂದಕ್ಕೆ ತಿರುಗಿಸಿದೊಡನೆ ಡೆಕ್ ಕೂಡ ಲೆಕ್ಕಕ್ಕೆ ಬರುತ್ತದೆ. 90 ಡಿಗ್ರಿ ತಿರುಗಿಸುವ ಕಪ್ಪಿಯ ಮೇಲೆ ಬೀಳುವ ಬಲ ಹಗ್ಗದ ಬಿಗಿತದ 1.41 ಪಟ್ಟು, ಅಂದರೆ ಸುಮಾರು 420 ಕೆ.ಜಿ.; ಅದರಲ್ಲಿ 300 ಕೆ.ಜಿ. ನೇರ ಮೇಲ್ಮುಖ. ಆ ಕಪ್ಪಿಯನ್ನು ಡೆಕ್‌ಗೆ ಬಿಗಿದಿದ್ದರೆ, ಹಾಯಿ ಏರಿಸಿದಾಗೆಲ್ಲ ನಾವು ದೋಣಿಯ ಮಾಡನ್ನೇ ಮೇಲಕ್ಕೆತ್ತುತ್ತಿರುತ್ತೇವೆ.

ಕಂಬ ಡೆಕ್‌ನ ಮೇಲೇ ನಿಂತ ದೋಣಿಗಳಲ್ಲಿ ಇದು ಅಷ್ಟು ಕಾಡದು. ಕಪ್ಪಿಗಳನ್ನು ಕಂಬದ ಪಾದದ ತಗಡಿಗೇ ಸಿಕ್ಕಿಸಿದರೆ ಕಂಬ ಕೆಳಕ್ಕೆ ಒತ್ತುವುದೂ ಕಪ್ಪಿ ಮೇಲಕ್ಕೆ ಎಳೆಯುವುದೂ ಅಲ್ಲೇ ತೀರಿಹೋಗುತ್ತವೆ. ನಮ್ಮದು ಹಾಗಲ್ಲ. ಕಂಬ ಡೆಕ್‌ನಲ್ಲಿನ ತೂತಿನ ಮೂಲಕ ಒಳಗಿಳಿದು ದೋಣಿಯ ತಳದಲ್ಲಿ, ಕೀಲ್‌ನ ಮೇಲೆ ನಿಂತಿದೆ. ಕಂಬ ತಳವನ್ನು ಒತ್ತುತ್ತಿರುವಾಗಲೇ ಹಗ್ಗಗಳು ಡೆಕ್ಕನ್ನು ಎತ್ತುತ್ತವೆ. ಹೀಗೆ ಎಳೆಸಿಕೊಂಡ ಡೆಕ್ ಹೇಗಿರುತ್ತದೆಂದು ಕಂಬ, ಹಗ್ಗಗಳ ಕೆಲಸ ಮಾಡುವ ಬಂದರಿನ ಹಿರಿಯ ರಿಗ್ಗರ್ ಒಬ್ಬರು ಪಕ್ಕದ ಸಾಲಿನ ದೋಣಿಯೊಂದರಲ್ಲಿ ತೋರಿಸಿದರು. ಕಂಬದ ಎರಡೂ ಬದಿಗೆ ಹೊಂದುವಂತೆ ಒಂದು ಉದ್ದ ಮರದ ಪಟ್ಟಿಯನ್ನು ಡೆಕ್‌ನ ಮೇಲೆ ಅಡ್ಡಲಾಗಿಟ್ಟು, ಹಾಲ್ಯಾರ್ಡ್ ಬಿಗಿಯಲು ಹೇಳಿದರು. ವಿಂಚ್ ತಿರುಗಿದಂತೆ ಪಟ್ಟಿಯ ಎರಡು ತುದಿಗಳಡಿ ಬೆಳಕು ಕಾಣಿಸಿತು. ಡೆಕ್ ನಡುವೆ ಉಬ್ಬುತ್ತಿತ್ತು. ಕಂಬದ ಸುತ್ತ ಬಳಿದಿದ್ದ ಸೀಲೆಂಟ್‌ನ ಅಂಚು ಕಣ್ಣೆದುರೇ ಬಿರಿಯಿತು. ಆ ದೋಣಿಯೊಳಗೆ ಕಂಬದ ಬುಡದಲ್ಲಿ ಸದಾ ಒಂದು ಬಕೆಟ್ ಇಟ್ಟಿರುತ್ತಿದ್ದರಂತೆ.

ಹಾಗಾಗಿ ನಮ್ಮ ದೋಣಿಗೆ ಬಂದ ಮೊದಲ ಹೊಸ ಸಾಮಾನು ಯಾರ ಕಣ್ಣಿಗೂ ಬೀಳದಂಥದ್ದು: ಡೆಕ್‌ನ ಒಳಮೈಯಿಂದ ಇಳಿದು, ಕಂಬಕ್ಕೆ ಬೋಲ್ಟ್ ಹಾಕಿದ ಒಂದು ಕಿವಿಗೆ ಸೇರುವ ಸ್ಟೇನ್‌ಲೆಸ್ ಸರಳು, ನಡುವೆ ಬಿಗಿ ಹೊಂದಿಸಲು ಟರ್ನ್‌ಬಕಲ್. ಡೆಕ್ ಮೇಲೇಳಲು ಹೊರಟರೆ ಸರಳು ಅದನ್ನು ಕಂಬಕ್ಕೇ ಕಟ್ಟಿಹಾಕುತ್ತದೆ; ಭಾರ ಮತ್ತೆ ಕಂಬಕ್ಕೆ ಮರಳುತ್ತದೆ. ಇಲ್ಲಿಂದ ವಾಯವ್ಯಕ್ಕಿರುವ ಪೋರ್ಟ್ ಟೌನ್‌ಸೆಂಡ್‌ನಲ್ಲಿ ಬ್ರಾಯನ್ ಟಾಸ್ ಎಂಬ ಹೆಸರಾಂತ ರಿಗ್ಗರ್ ಇದ್ದರು, 2020ರಲ್ಲಿ ತೀರಿಕೊಂಡರು. ಹಗ್ಗ, ತಂತಿಗಳ ಕೆಲಸದ ಮೇಲೆ ಅವರು ಬರೆದ ಪುಸ್ತಕ ಈ ಭಾಗದ ಅನೇಕ ದೋಣಿಗಳ ಕಪಾಟಿನಲ್ಲಿದೆ, ನಮ್ಮದರಲ್ಲೂ ಇದೆ. ಯಾವ ಬಲ ಎಲ್ಲಿ ಹುಟ್ಟಿ ಎಲ್ಲಿಗೆ ಹೋಗಿ ಸೇರುತ್ತದೆಂದು ಮೊದಲು ಕಾಗದದ ಮೇಲೆ ಬಾಣ ಹಾಕಿ ನೋಡುವ ಅಭ್ಯಾಸ ನನಗೆ ಬಂದದ್ದು ಅಂಥ ಓದಿನಿಂದ. ಡ್ರಿಲ್ ಹಿಡಿಯುವ ಮುಂಚೆ ಪೆನ್ಸಿಲ್ ಹಿಡಿದ ಸಂಜೆಗಳೇ ಈ ಕೆಲಸದಲ್ಲಿ ಜಾಸ್ತಿ.

ಬಾಣ ಹಾಕಿ ನೋಡಿದಾಗಲೇ ಇನ್ನೊಂದೂ ತೀರ್ಮಾನವಾಯಿತು: ಎಲ್ಲ ಹಗ್ಗಗಳೂ ಹಿಂದಕ್ಕೆ ಬರಬೇಕಿಲ್ಲ. ಪ್ರತಿ ತಿರುವೂ ಒಂದಿಷ್ಟು ಎಳೆತ ತಿನ್ನುತ್ತದೆ. ತಿರುವಿಗೆ ಶೇ. 10ರಷ್ಟು ಹೋಯಿತೆಂದಿಟ್ಟುಕೊಂಡರೂ ಐದು ತಿರುವು ದಾಟುವಷ್ಟರಲ್ಲಿ ನಾವು ಹಾಕಿದ ಬಲದಲ್ಲಿ ಉಳಿಯುವುದು ಶೇ. 59. ಹಾಯಿಯ ಮುಂದಿನ ಮೂಲೆ, ಹಿಂದಿನ ಮೂಲೆ ಎರಡನ್ನೂ ಒಂದೇ ಹಗ್ಗದಲ್ಲಿ ಎಳೆಯುವ ಏರ್ಪಾಡು ನೋಡಲು ಚೆಂದ, ಆದರೆ ತಿರುವುಗಳು ವಿಪರೀತ. ನಾನು ಪ್ರತಿ ರೀಫ್‌ಗೂ ಎರಡೆರಡು ಬೇರೆ ಹಗ್ಗ ಇಟ್ಟೆ. ಎರಡು ರೀಫ್‌ಗೆ ನಾಲ್ಕು, ದೊಡ್ಡ ಹಾಯಿಯ ಹಾಲ್ಯಾರ್ಡ್ ಒಂದು, ಒಟ್ಟು ಐದು. ಮುಂದಿನ ಹಾಯಿ, ಜಿಬ್, ಸುರುಳಿ ಸುತ್ತುವ ಫರ್ಲರ್‌ನ ಮೇಲಿದೆ; ಅದರ ಹಾಲ್ಯಾರ್ಡನ್ನು ವಸಂತದಲ್ಲಿ ಏರಿಸಿದರೆ ಶರತ್ಕಾಲದವರೆಗೆ ಯಾರೂ ಮುಟ್ಟುವುದಿಲ್ಲ. ಅದನ್ನು ಹಿಂದಕ್ಕೆ ತಂದು ಏನಾಗಬೇಕು? ಕಂಬದ ಮೇಲೇ ಬಿಟ್ಟೆ. ದೊಡ್ಡ ಹಾಯಿಯ ಹಾಲ್ಯಾರ್ಡ್ ಹೊರಬರುವ ಹಳೆಯ ಸೀಳನ್ನೂ ಕೆಳಕ್ಕೆ ಸರಿಸಲಿಲ್ಲ. ಅದು ಆಳೆತ್ತರದಲ್ಲಿದ್ದರೆ ಬಂದರಿನೊಳಗೆ ಒಬ್ಬರು ಕಂಬದ ಬಳಿ ನಿಂತು ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಮೈಭಾರ ಹಾಕಿ ಜಗ್ಗಬಹುದು, ಇನ್ನೊಬ್ಬರು ಹಿಂದೆ ಕೂತು ಸಡಿಲ ಬಂದಷ್ಟನ್ನೂ ಎಳೆದುಕೊಳ್ಳಬಹುದು. ಹಾಯಿ ಬೇಗ ಏರುತ್ತದೆ.

ಡೆಕ್‌ನಲ್ಲಿ ತೂತು ಕೊರೆಯುವುದು ಬೇರೆಯೇ ಬಾಬತ್ತು. ಸಿಯಾಟಲ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಉಡುಪಿಯಲ್ಲಿ ಬೀಳುವುದರ ಕಾಲು ಭಾಗವಷ್ಟೇ. ಆದರೆ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಅದು ಜಿನುಗುತ್ತಲೇ ಇರುತ್ತದೆ, ಒದ್ದೆಯಾದದ್ದು ಒಣಗುವುದಿಲ್ಲ. ಹಳೆಯ ದೋಣಿಗಳ ಡೆಕ್‌ನಲ್ಲಿ ಎರಡು ಪದರ ಫೈಬರ್‌ಗ್ಲಾಸ್ ನಡುವೆ ಹಗುರವಾದ ಬಾಲ್ಸಾ ಮರ ಇರುತ್ತದೆ. ಒಂದು ಸ್ಕ್ರೂ ಸಡಿಲವಾದರೂ ನೀರು ಒಳಗಿಳಿದು ಮರ ಕೊಳೆಯುತ್ತದೆ. ಅದಕ್ಕೆ ಬೋಲ್ಟ್‌ನ ಅಳತೆಗಿಂತ ದೊಡ್ಡದಾಗಿ ಕೊರೆದು, ಒಳಗಿನ ಮರವನ್ನು ಸುತ್ತಲೂ ಕೆರೆದು ತೆಗೆದು, ದಪ್ಪ ಮಾಡಿದ ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟ್‌ಗೆ ಬೇಕಾದಷ್ಟೇ ತೂತು ಕೊರೆಯಬೇಕು. ಆಗ ನೀರು ಇಳಿದರೂ ಮರಕ್ಕೆ ತಾಗುವುದಿಲ್ಲ. ಚಳಿಯಲ್ಲಿ ಎಪಾಕ್ಸಿ ಗಟ್ಟಿಯಾಗಲು ಒಪ್ಪುವುದಿಲ್ಲ. ಟಾರ್ಪಾಲಿನ್ ಕೆಳಗೆ ದೀಪ ಹಚ್ಚಿಟ್ಟು ಕಾಯಬೇಕಾಯಿತು. ಕ್ಲಚ್‌ಗಳ ಕೆಳಗೆ, ಡೆಕ್‌ನ ಒಳಮೈಯಲ್ಲಿ, ಭಾರ ಹರಡಿಕೊಳ್ಳಲೆಂದು ದಪ್ಪ ಫೈಬರ್‌ಗ್ಲಾಸ್ ಹಲಗೆ ಕೊಟ್ಟೆವು. ಮೇಲೆ ಬ್ಯುಟೈಲ್ ಟೇಪ್.

ಕಂಬವನ್ನು ಕ್ರೇನ್‌ನಿಂದ ಎತ್ತಿಸಿ ಸ್ಟ್ಯಾಂಡ್‌ಗಳ ಮೇಲೆ ಮಲಗಿಸಿದ್ದು ಚಳಿಗಾಲದ ಕೊನೆಗೆ. ನಿಂತಾಗ ತೆಳ್ಳಗೆ ಕಾಣುತ್ತಿದ್ದ ಕಂಬ ಮಲಗಿದಾಗ ಅಂಗಳದ ಉದ್ದಕ್ಕೂ ಬಂತು. ಹಗ್ಗ ಸುತ್ತಿ ಕಟ್ಟುವ ಹಳೆಯ ಕ್ಲೀಟ್ ಒಂದನ್ನು ಬಿಚ್ಚಲು ಹೋದರೆ ಸ್ಕ್ರೂ ಅಲುಗಲಿಲ್ಲ. ಅಲ್ಯೂಮಿನಿಯಂ ಕಂಬಕ್ಕೆ ಸ್ಟೇನ್‌ಲೆಸ್ ಸ್ಕ್ರೂ ಹಾಕಿ, ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ತಾನೇ ಸವೆದು ಬಿಳಿ ಹಿಟ್ಟಾಗುತ್ತದೆ. ಆ ಹಿಟ್ಟು ಉಬ್ಬಿ ಸ್ಕ್ರೂವನ್ನು ಕಚ್ಚಿ ಹಿಡಿಯುತ್ತದೆ. ಎಣ್ಣೆ ಬಿಟ್ಟು, ಬಿಸಿ ಕೊಟ್ಟು, ಇಂಪ್ಯಾಕ್ಟ್ ಡ್ರೈವರ್‌ನ ತಲೆಗೆ ಸುತ್ತಿಗೆಯಿಂದ ಬಡಿದಾಗ ಟಿಕ್ ಎಂಬ ಸಣ್ಣ ಸದ್ದಾಗಿ ಸ್ಕ್ರೂ ಕಾಲು ಸುತ್ತು ತಿರುಗಿತು. ಹೊರಗೆ ಬಂದ ಸ್ಕ್ರೂ ಹೊಳೆಯುತ್ತಿತ್ತು. ತೂತಿನ ಅಂಚು ಬೆರಳು ತಾಗಿಸಿದರೆ ಉದುರುತ್ತಿತ್ತು. ಹೊಸದಾಗಿ ಹಾಕಿದ ಪ್ರತಿ ಸ್ಕ್ರೂಗೂ ಟೆಫ್-ಜೆಲ್ ಎಂಬ ಬಿಳಿ ಪೇಸ್ಟ್ ಮೆತ್ತಿಯೇ ಬಿಗಿದೆ. ಅದು ಎರಡು ಲೋಹಗಳ ನಡುವೆ ನೀರು ನಿಲ್ಲಲು ಬಿಡುವುದಿಲ್ಲ.

ಕಂಬದ ಗೋಡೆಯ ದಪ್ಪ ಸುಮಾರು 4 ಮಿ.ಮೀ. ಅಮೆರಿಕದಲ್ಲಿ ಸಾಮಾನ್ಯವಾಗಿ ಬಳಸುವ ಕಾಲಿಂಚಿನ ಸ್ಕ್ರೂಗೆ ಇಂಚಿಗೆ 20 ಥ್ರೆಡ್. ಎಂದರೆ ಇಡೀ ಸಾಮಾನನ್ನು ಹಿಡಿದುಕೊಂಡಿರುವುದು ಮೂರೇ ಸುತ್ತು ಥ್ರೆಡ್. ಅದಕ್ಕೇ ಸ್ಕ್ರೂವನ್ನು ಕಿತ್ತು ತೆಗೆಯುವ ದಿಕ್ಕಿನಲ್ಲಿ ಎಳೆತ ಬೀಳುವಂತೆ ಏನನ್ನೂ ಕೂರಿಸಲಿಲ್ಲ. ಎಳೆತ ಕಂಬದ ಮೈಗುಂಟ ಹೋಗುವಂತೆ ಎಲ್ಲವನ್ನೂ ತಿರುಗಿಸಿ ಇಟ್ಟೆ. ಹೊಸದಾಗಿ ಸೇರಿಸಿದ ಬದಲಿ ಹಾಲ್ಯಾರ್ಡ್‌ಗೆ ಒಂದು ಸೀಳು ಬೇಕಿತ್ತು. ಅದನ್ನು ಹಳೆಯ ಸೀಳುಗಳ ಸಾಲಿನಲ್ಲಿ ಕತ್ತರಿಸದೆ ಸಾಕಷ್ಟು ಮೇಲೆ, ಬೇರೆ ಎತ್ತರದಲ್ಲಿ ಕತ್ತರಿಸಿದೆ. ಒಂದೇ ಮಟ್ಟದಲ್ಲಿ ಎರಡು ಮೂರು ಸೀಳು ಬಂದರೆ ಕಂಬ ಅಲ್ಲೇ ಸೊಂಟ ಮುರಿದುಕೊಳ್ಳುತ್ತದೆ. ಮೊದಲು ಎರಡು ತುದಿಗೂ ದುಂಡನೆಯ ತೂತು, ಆಮೇಲೆ ನಡುವಿನ ಕೊಯ್ತ, ಕೊನೆಗೆ ಅರದಿಂದ ಅಂಚು ನುಣುಪು. ಚೂಪು ಮೂಲೆ ಉಳಿದರೆ ಬಿರುಕು ಶುರುವಾಗುವುದೇ ಅಲ್ಲಿಂದ. ಒಬ್ಬೊಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತುವ 2018ರ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ ನಮ್ಮ ಅಭಿಲಾಷ್ ಟೋಮಿ ಅವರ 'ತುರೀಯ' ದೋಣಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ ಕಂಬ ಕಳೆದುಕೊಂಡದ್ದು, ಬೆನ್ನುಮೂಳೆಗೆ ಪೆಟ್ಟಾಗಿ ಅವರು ದಿನಗಟ್ಟಲೆ ಮಲಗಿದ್ದಲ್ಲೇ ಇದ್ದದ್ದು ಓದಿದವರಿಗೆ ನೆನಪಿರುತ್ತದೆ. ನಾವು ಹೋಗುವ ನೀರು ಅಂಥದ್ದಲ್ಲ. ಆದರೂ ಗರಗಸ ಹಿಡಿದಾಗ ನನಗೆ ಅವರ ನೆನಪಾಯಿತು, ಕೈ ನಿಧಾನವಾಯಿತು.

ಕಂಬದೊಳಗೆ ಹಗ್ಗ ಓಡಿಸುವುದು ತಾಳ್ಮೆಯ ಕೆಲಸ. ತೆಳು ದಾರವೊಂದನ್ನು ಮೊದಲು ತೂರಿಸಿ, ಅದರ ಬಾಲಕ್ಕೆ ನಿಜವಾದ ಹಗ್ಗ ಹೊಲಿದು ಎಳೆಯಬೇಕು. ಒಳಗೆ ಆಗಲೇ ಇರುವ ಹಗ್ಗಗಳಿಗೆ, ದೀಪದ ವೈರ್‌ಗಳಿಗೆ ಅದು ಸುತ್ತಿಕೊಳ್ಳಬಾರದು. ಹಳೆಯ ಹಗ್ಗಗಳನ್ನೆಲ್ಲ ಎರಡೂ ತುದಿಯಿಂದ ಬಿಗಿಯಾಗಿ ಎಳೆದು ಕಂಬದ ಒಂದು ಬದಿಗೆ ಕಟ್ಟಿದೆವು, ಆಮೇಲೆ ದಾರ ಬಿಟ್ಟೆವು. ಹೊಸ ಹಗ್ಗ ಹಾಕಿದ ಮೇಲೆ ಒಂದೊಂದನ್ನೇ ಎಳೆದು, ಬೇರೊಂದು ಹಗ್ಗ ಜೊತೆಗೆ ಅಲುಗುತ್ತದೆಯೇ ನೋಡಿದೆವು. ಅಲುಗಿದರೆ ಒಳಗೆ ಹೆಣೆದುಕೊಂಡಿದೆ ಎಂದರ್ಥ.

ತುದಿಯಲ್ಲಿ ಗಮನಿಸಬೇಕಾದದ್ದು ಫರ್ಲರ್. ಜಿಬ್‌ನ ಹಾಲ್ಯಾರ್ಡ್ ಮುಂದಿನ ತಂತಿಗೆ ತೀರ ಸಮಾನಾಂತರವಾಗಿ ಇಳಿದರೆ ಸುರುಳಿ ತಿರುಗುವಾಗ ಅದೂ ಸುತ್ತಿಕೊಳ್ಳುತ್ತದೆ. ಒಂದಿಷ್ಟು ಕೋನ ಬೇಕು. ಬದಲಿ ಹಾಲ್ಯಾರ್ಡ್ ಫರ್ಲರ್‌ಗಿಂತ ಮೇಲಿನಿಂದ ಇಳಿಯುತ್ತದೆ. ಬಳಸದಿದ್ದಾಗ ಅದರ ತುದಿಯನ್ನು ಕಂಬದ ಬುಡಕ್ಕೆ ತಂದು ಬಿಗಿದಿಡುತ್ತೇವೆ, ಸುರುಳಿಯ ಬಾಯಿಗೆ ಸಿಗದಂತೆ. ಕಂಬ ಹತ್ತುವಾಗ ಈ ಬದಲಿ ಹಗ್ಗದ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಕೂತು ಮೇಲೇರುವ ಕುರ್ಚಿಗೆ ಒಂದು ಹಗ್ಗ, ಸೊಂಟದ ಹಾರ್ನೆಸ್‌ಗೆ ಇನ್ನೊಂದು. ಎರಡನ್ನೂ ಶ್ಯಾಕಲ್ ಎಂಬ ಲೋಹದ ಕೊಂಡಿಯನ್ನು ನಂಬದೆ ಗಂಟು ಹಾಕಿಯೇ ಕಟ್ಟುತ್ತೇವೆ.

ಮೇ ತಿಂಗಳಲ್ಲಿ ಪೋರ್ಟ್ ಮ್ಯಾಡಿಸನ್ ಎದುರು 20 ನಾಟ್ ಗಾಳಿಯಲ್ಲಿ ಮೊದಲ ಸಲ ಕೂತಲ್ಲಿಂದಲೇ ರೀಫ್ ಹಾಕಿದೆವು. ಹಾಲ್ಯಾರ್ಡ್ ಸಡಿಲಿಸಿ, ಮುಂದಿನ ಮೂಲೆ ಎಳೆದು, ಹಾಲ್ಯಾರ್ಡ್ ಬಿಗಿದು, ಹಿಂದಿನ ಮೂಲೆ ಎಳೆದು. ಹಗ್ಗಗಳ ಬಣ್ಣ ಬೇರೆ ಬೇರೆ ಇಟ್ಟಿದ್ದು ಒಳ್ಳೆಯದಾಯಿತು. ಕ್ಲಚ್‌ಗಳ ಮೇಲಿನ ಅಕ್ಷರ ಓದಲು ಅಲ್ಲಿ ಯಾರಿಗೂ ಪುರಸೊತ್ತಿರಲಿಲ್ಲ. ಕ್ಯಾಬಿನ್‌ಗಿಳಿದು ಸರಳನ್ನು ಬೆರಳಿನಿಂದ ಮಿಡಿದು ನೋಡಿದೆ, ಬಿಗಿದು ನಿಂತಿತ್ತು. ಕಂಬದ ಸುತ್ತಿನ ಸೀಲೆಂಟ್ ಎಲ್ಲೂ ಬಿಟ್ಟಿರಲಿಲ್ಲ.

ಈಗ ಇಲ್ಲಿನ ಕನ್ನಡದ ಗೆಳೆಯರಲ್ಲಿ ಒಂದಿಬ್ಬರು ಹಳೆಯ ದೋಣಿ ಕೊಳ್ಳುವ ಯೋಚನೆಯಲ್ಲಿದ್ದಾರೆ. "ಹಗ್ಗ ಎಲ್ಲ ಹಿಂದಕ್ಕೆ ತರೋದಕ್ಕೆ ಎಷ್ಟಾಗತ್ತೆ ಅಕ್ಕ?" ಎಂದು ಕೇಳುತ್ತಾರೆ. ಕಂಬ ಡೆಕ್ ಮೇಲೆ ನಿಂತಿದೆಯೋ ಕೀಲ್ ಮೇಲೋ ನೋಡಿಕೊಂಡು ಬನ್ನಿ, ಕಂಬದ ಬುಡದಲ್ಲಿ ಬಕೆಟ್ ಇದೆಯೋ ಅದನ್ನೂ ನೋಡಿ ಎನ್ನುತ್ತೇನೆ. ಕೀಲ್ ಮೇಲೆ ನಿಂತಿದ್ದರೆ ಮೊದಲು ಸರಳಿಗೆ ದುಡ್ಡು ಎತ್ತಿಡಿ. ಕಪ್ಪಿ, ಕ್ಲಚ್‌ಗಳ ಮಾತು ಆಮೇಲೆ ಆಡೋಣ.