ಮುಳ್ಳುಬೇಲಿಯ ಬಲ

ಹೊಲದಂಚಿನ ಕತ್ತಾಳೆಯ ಸಾಲನ್ನೂ ಹಿತ್ತಿಲಿನ ಕಳ್ಳಿಬೇಲಿಯನ್ನೂ ನಾವೆಲ್ಲರೂ ಕಂಡಿದ್ದೇವೆ. ಕಸುವುಳ್ಳ ಗೂಳಿಯೊಂದು ಸಡಿಲವಾದ ಕಲ್ಲುಗೋಡೆಯನ್ನು ಕೆಡವೀತು. ಆದರೆ ನಮ್ಮ ಬೆರಳುಗಳು ಮುರಿಯಬಲ್ಲ ಜಾಲಿಯ ಮುಳ್ಳಿನ ಮುಂದೆ ಅದು ಹಿಂಜರಿಯುತ್ತದೆ. ಇದಕ್ಕೆ ಕಾರಣವೇನೆಂಬುದನ್ನು ವಿಚಾರಮಾಡೋಣ.

ಬಲ ಬೇರೆ, ಒತ್ತಡ ಬೇರೆ. ಬಲವನ್ನು ಅದು ಬೀಳುವ ಜಾಗದ ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ ದೊರೆಯುತ್ತದೆ. ಒಂದು ಚದರ ಸೆಂಟಿಮೀಟರು ತುದಿಯುಳ್ಳ ಮೊಂಡು ಕೋಲಿನ ಮೂಲಕ 100 ಗ್ರಾಂ ತೂಕವನ್ನು ಅಂಗೈಯ ಮೇಲೆ ಹೇರಿದರೆ, ಉಂಟಾಗುವ ಒತ್ತಡ ವಾಯುಮಂಡಲದ ಒತ್ತಡದಲ್ಲಿ ಸುಮಾರು ಹತ್ತನೆಯ ಒಂದು ಪಾಲು. ಅದರಿಂದ ನೋವಿಲ್ಲ. ಅದೇ ತೂಕವು 0.1 ಮಿಲಿಮೀಟರು ಅಡ್ಡಳತೆಯ ಮುಳ್ಳಿನ ತುದಿಯ ಮೂಲಕ ಬಂದರೆ, ಒತ್ತಡವು ಹನ್ನೆರಡು ಸಾವಿರಕ್ಕೂ ಹೆಚ್ಚು ಪಟ್ಟು ಏರಿ, ವಾಯುಮಂಡಲದ ಒತ್ತಡದ ಸುಮಾರು 1,250ರಷ್ಟಾಗುತ್ತದೆ. ಇದನ್ನು ಚರ್ಮವು ತಾಳಲಾರದು.

ಚೂಪು ಮಾತ್ರ ಇದ್ದರೆ ಸಾಲದು. ಮುಳ್ಳು ಬಾಗದೆ ನಿಲ್ಲಬೇಕು. ದುಂಡನೆಯ ಕಡ್ಡಿಯ ದಪ್ಪವನ್ನು ಇಮ್ಮಡಿಸಿದರೆ, ಬಾಗುವಿಕೆಗೆ ಅದು ಒಡ್ಡುವ ವಿರೋಧ 16 ಮಡಿಯಾಗುತ್ತದೆ. ಬುಡ ದಪ್ಪವಾಗಿಯೂ ತುದಿ ಸಣ್ಣದಾಗಿಯೂ ಇರುವ ಮುಳ್ಳಿನ ಆಕಾರದಲ್ಲಿ ಎರಡು ಗುಣಗಳೂ ಕೂಡಿವೆ. ಸೀಗೆಯ ಮುಳ್ಳಾದರೋ ಕೊಕ್ಕೆಯಂತೆ ಬಾಗಿರುವುದರಿಂದ ಎಳೆದಷ್ಟೂ ನಾಟಿಕೊಳ್ಳುತ್ತದೆ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಚುಚ್ಚುವ ಬಲವನ್ನು ಒದಗಿಸುವುದು ಗಿಡವಲ್ಲ, ನುಗ್ಗುವವನೇ. ಅವನು ತಳ್ಳಿದಷ್ಟೇ ಮುಳ್ಳೂ ಅವನನ್ನು ತಳ್ಳುತ್ತದೆ. ಅವನು ನಿಂತೊಡನೆ ಅದೂ ನಿಲ್ಲುತ್ತದೆ. ಆದುದರಿಂದ ಮುಳ್ಳುಬೇಲಿಯು ಶಿಕ್ಷೆಗಿಂತ ಹೆಚ್ಚಾಗಿ ಒಂದು ಎಚ್ಚರಿಕೆ.

ಎಚ್ಚರಿಕೆಗೆ ಮಿತಿಯೂ ಉಂಟು. ಉಪ್ಪಿನ ಕಳ್ಳಸಾಗಣೆಯನ್ನು ತಡೆಯಲು ಬ್ರಿಟಿಷ್ ಆಡಳಿತವು ಉತ್ತರ ಮತ್ತು ಮಧ್ಯ ಭಾರತದಲ್ಲಿ ಹಾಕಿದ ಸುಂಕದ ಗಡಿಯ ಉದ್ದಕ್ಕೂ ಅನೇಕ ಕಡೆ ಜಾಲಿ, ಬೋರೆ, ಕವಳಿ, ಪಾಪಾಸುಕಳ್ಳಿಗಳ ಬೇಲಿಯನ್ನು ಬೆಳೆಸಿತು. 1867ರಿಂದ ಕೆಲವು ವರ್ಷ ಇದರ ಮೇಲ್ವಿಚಾರಣೆ ಮಾಡಿದವರು, ಮುಂದೆ ಕಾಂಗ್ರೆಸ್ಸಿನ ಸ್ಥಾಪಕರಲ್ಲಿ ಒಬ್ಬರಾದ ಎ. ಓ. ಹ್ಯೂಮ್. ಬೇಲಿ ಕೆಲವೆಡೆ 12 ಅಡಿ ಎತ್ತರವಿದ್ದರೂ ಆ ಗಡಿಗೆ ಸುಮಾರು 12,000 ಕಾವಲುಗಾರರು ಬೇಕಾದರು. 1879ರಲ್ಲಿ ಗಡಿಯನ್ನೇ ಕೈಬಿಡಲಾಯಿತು. ಬೇಲಿಯು ನುಗ್ಗುವವನಿಗೆ ತಡಮಾಡಿಸುತ್ತದೆ. ಹಿಡಿಯುವುದು ಕಾವಲಿನ ಕೆಲಸ.

ಬೇಲಿಯೇ ಹೊಲವನ್ನು ಮೇಯುವುದೂ ಉಂಟು. ಅಮೆರಿಕ ಖಂಡದಿಂದ ಬಂದ ಪಾಪಾಸುಕಳ್ಳಿ, ತುಂಡು ಬಿದ್ದಲ್ಲೆಲ್ಲ ಬೇರೂರಿ ದಕ್ಷಿಣ ಭಾರತದ ಹೊಲ ಹುಲ್ಲುಗಾವಲುಗಳಿಗೆ ಹಬ್ಬಿತು. ಅದರ ರಸವನ್ನು ಹೀರುವ ಕೀಟವೊಂದನ್ನು 1926ರಲ್ಲಿ ಶ್ರೀಲಂಕೆಯಿಂದ ತಂದು ಬಿಟ್ಟ ಮೇಲೆ ಅದು ಹತೋಟಿಗೆ ಬಂದಿತು.

ಆದುದರಿಂದ ಗಿಡವನ್ನು ಆರಿಸುವಾಗ ವಿವೇಕ ಬೇಕು. ಕವಳಿಯು ಮುಳ್ಳಿನೊಡನೆ ಹಣ್ಣನ್ನೂ ಕೊಡುತ್ತದೆ. ಆಗಾಗ ತುದಿಗಳನ್ನು ಸವರಿದರೆ ಒತ್ತಾಗಿ ಬೆಳೆಯುತ್ತದೆ. ಕಳ್ಳಿಯ ಹಾಲು ಕಣ್ಣಿಗೆ ಅಪಾಯಕರವಾದುದರಿಂದ ಮಕ್ಕಳು ಓಡಾಡುವಲ್ಲಿ ಅದನ್ನು ನೆಡಬಾರದು. ಯಾವ ಮುಳ್ಳುಗಿಡವನ್ನೇ ಆಗಲಿ ದಾರಿಯಿಂದ ಒಂದೆರಡು ಅಡಿ ಒಳಕ್ಕೆ ಸರಿಸಿ ನೆಡುವುದು ಮೇಲು.

ಕೊನೆಗೆ ಒಂದು ಮಾತು. ಕಾಡುಹಂದಿಗಳಿಗೆಂದು ಹೊಲದ ತಂತಿಗೆ ಮನೆಯ 230 ವೋಲ್ಟಿನ ವಿದ್ಯುತ್ತನ್ನು ನೇರವಾಗಿ ಹರಿಸುವವರಿದ್ದಾರೆ. ಇದು ಕಾನೂನಿಗೆ ವಿರುದ್ಧ. ಆನೆಗಳೂ ನೆರೆಹೊರೆಯವರೂ ಹೊಲದ ಒಡೆಯರೂ ಇದಕ್ಕೆ ಬಲಿಯಾಗಿದ್ದಾರೆ. ಬೇಲಿಗೆಂದೇ ತಯಾರಾದ ವಿದ್ಯುತ್ ಸಾಧನವು ಸೆಕೆಂಡಿಗೆ ಸುಮಾರು ಒಂದು ಸಲ, ಅತ್ಯಲ್ಪ ಕಾಲ ಮಾತ್ರ ಮಿಡಿಯುವುದರಿಂದ ಮುಟ್ಟಿದವನು ಕೈ ತೆಗೆಯಬಲ್ಲನು. ನೇರ ತಂತಿಯಲ್ಲಾದರೋ ವಿದ್ಯುತ್ತು ಎಡೆಬಿಡದೆ ಹರಿದು ಸ್ನಾಯುಗಳನ್ನು ಸೆಟೆಯಿಸುತ್ತದೆ. ಹಿಡಿದ ಕೈ ಬಿಡಲಾರದು. ಮುಳ್ಳು ಕಣ್ಣಿಗೆ ಕಾಣುತ್ತದೆ, ಹಿಂದಿರುಗಲು ಅವಕಾಶ ಕೊಡುತ್ತದೆ. ಆ ಅವಕಾಶವನ್ನು ಕೊಡದುದನ್ನು ನಾವು ಬೇಲಿಯೆನ್ನಲಾಗದು.