ನೀಲಿ ಮುಚ್ಚಳದ ಟ್ಯೂಬು ಪೂರ್ತಿ ತುಂಬಬೇಕು, ಏಕೆ?



ವಿದ್ಯಾರ್ಥಿವೇತನಕ್ಕೆ ಬರುವ ಅರ್ಜಿಗಳಲ್ಲಿ ಡಿ.ಎಂ.ಎಲ್.ಟಿ., ಬಿ.ಎಸ್ಸಿ. ಎಂ.ಎಲ್.ಟಿ. ಓದುವ ಮಕ್ಕಳದ್ದೂ ಇರುತ್ತವೆ. ‘ಲ್ಯಾಬ್ ಕೆಲಸವೆಂದರೆ ರಕ್ತ ತೆಗೆಯುವುದು ತಾನೇ?’ ಎನ್ನುವವರಿದ್ದಾರೆ. ಆ ಕೆಲಸದ ಹೊಣೆ ಎಷ್ಟು ದೊಡ್ಡದೆಂದು ಒಂದೇ ಪರೀಕ್ಷೆಯ ಮೂಲಕ ತಿಳಿಸಬಯಸುತ್ತೇವೆ.

ಹೃದಯಕ್ಕೆ ಮೆಕ್ಯಾನಿಕಲ್ ವಾಲ್ವ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್‌ನಂಥ ಮಾತ್ರೆ ಸೇವಿಸುತ್ತಾರೆ. ಪ್ರಮಾಣ ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಪಾರ್ಶ್ವವಾಯುವಿನ ಭಯ. ಎಷ್ಟು ಮಾತ್ರೆ ಬೇಕೆಂದು ವೈದ್ಯರು ಪಿ.ಟಿ.-ಐ.ಎನ್.ಆರ್. ಪರೀಕ್ಷೆ ನೋಡಿ ನಿರ್ಧರಿಸುತ್ತಾರೆ.

ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕು. ತಿಳಿನೀಲಿ ಮುಚ್ಚಳದ ಟ್ಯೂಬಿನಲ್ಲಿರುವ ಶೇ. 3.2ರ ಸೋಡಿಯಂ ಸಿಟ್ರೇಟ್ ದ್ರಾವಣ ಆ ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ. ಲ್ಯಾಬಿನಲ್ಲಿ ಮತ್ತೆ ಕ್ಯಾಲ್ಸಿಯಂ ಸೇರಿಸಿ, ಎಷ್ಟು ಸೆಕೆಂಡಿಗೆ ಹೆಪ್ಪುಗಟ್ಟಿತೆಂದು ಅಳೆಯುತ್ತಾರೆ. 9 ಪಾಲು ರಕ್ತಕ್ಕೆ 1 ಪಾಲು ದ್ರಾವಣ, ಅಂದರೆ 2.7 ಮಿ.ಲೀ. ರಕ್ತಕ್ಕೆ 0.3 ಮಿ.ಲೀ. ಇರಬೇಕು. ಟ್ಯೂಬು ಅರ್ಧವೇ ತುಂಬಿದರೆ ಹೆಚ್ಚಾಗಿ ಉಳಿದ ಸಿಟ್ರೇಟ್, ಲ್ಯಾಬಿನಲ್ಲಿ ಸೇರಿಸಿದ ಕ್ಯಾಲ್ಸಿಯಂ ಅನ್ನೂ ಹಿಡಿಯುತ್ತದೆ. ಫಲಿತಾಂಶ ಸುಳ್ಳಾಗಿ ಏರುತ್ತದೆ. ಅದನ್ನು ನಂಬಿ ವೈದ್ಯರು ಮಾತ್ರೆ ಕಡಿಮೆ ಮಾಡಿದರೆ, ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟುವ ಅಪಾಯವಿದೆ.

ವಿದ್ಯಾರ್ಥಿಗಳು ನೆನಪಿಡಬೇಕಾದವು:

1. ಟ್ಯೂಬನ್ನು ಗುರುತಿನವರೆಗೆ ತುಂಬಿರಿ. ಶೇ. 90ಕ್ಕಿಂತ ಕಡಿಮೆ ಇದ್ದರೆ ಹೊಸ ಮಾದರಿ ತೆಗೆಯಿರಿ.

2. ತಕ್ಷಣ 3-4 ಬಾರಿ ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸಿರಿ. ಬೆರೆಸದಿದ್ದರೆ ಸಣ್ಣ ಗಡ್ಡೆ ಕಟ್ಟುತ್ತದೆ. ಜೋರಾಗಿ ಕುಲುಕಿದರೆ ರಕ್ತಕಣಗಳು ಒಡೆಯುತ್ತವೆ.

3. ನೇರಳೆ ಮುಚ್ಚಳದ ಟ್ಯೂಬಿಗಿಂತ ಮೊದಲು ನೀಲಿಯನ್ನು ತುಂಬಿರಿ. ಒಂದರಿಂದ ಇನ್ನೊಂದಕ್ಕೆ ರಕ್ತ ಸುರಿಯಲೇಬಾರದು. ನೇರಳೆ ಟ್ಯೂಬಿನ ಇ.ಡಿ.ಟಿ.ಎ. ಕೂಡ ಕ್ಯಾಲ್ಸಿಯಂ ಹಿಡಿಯುತ್ತದೆ.

4. ಪಿ.ಟಿ. ಮಾದರಿಯನ್ನು ಫ್ರಿಜ್ಜಿನಲ್ಲಿಡದೆ, ಕೋಣೆಯ ಉಷ್ಣಾಂಶದಲ್ಲಿಟ್ಟು 24 ಗಂಟೆಯೊಳಗೆ ಪರೀಕ್ಷಿಸಬೇಕು. ಎ.ಪಿ.ಟಿ.ಟಿ. ಪರೀಕ್ಷೆಗೆ 4 ಗಂಟೆಯೇ ಮಿತಿ. ರೋಗಿಗೆ ಹೆಪಾರಿನ್ ನಡೆಯುತ್ತಿದ್ದರೆ 1 ಗಂಟೆಯೊಳಗೆ ಪ್ಲಾಸ್ಮಾ ಬೇರ್ಪಡಿಸಬೇಕು.

ಹಳ್ಳಿಯ ಸಂಗ್ರಹ ಕೇಂದ್ರದಿಂದ ಪಟ್ಟಣದ ಲ್ಯಾಬಿಗೆ ಮಾದರಿ ಬಸ್ಸಿನಲ್ಲಿ ಹೋಗುವ ಕಡೆ ಈ ಗಡಿಯಾರದ ಲೆಕ್ಕ ಇನ್ನೂ ಮುಖ್ಯ.

ಕುಟುಂಬದವರಲ್ಲೂ ಒಂದು ವಿನಂತಿ. ರಕ್ತ ತೆಳುವಾಗಿಸುವ ಮಾತ್ರೆ, ಚುಚ್ಚುಮದ್ದು ಏನಿದ್ದರೂ ಮೊದಲೇ ತಿಳಿಸಿರಿ. ‘ಟ್ಯೂಬು ತುಂಬಿಲ್ಲ, ಮತ್ತೊಮ್ಮೆ ಚುಚ್ಚಬೇಕು’ ಎಂದರೆ ಬೇಸರಿಸಬೇಡಿರಿ. ಯಂತ್ರ ತಪ್ಪು ಮಾದರಿಗೂ ಅಚ್ಚುಕಟ್ಟಾದ ವರದಿ ಮುದ್ರಿಸಿ ಕೊಡಬಹುದು. ಟ್ಯೂಬು ಕೈಯಲ್ಲಿ ಹಿಡಿದವರು ಅಲ್ಲಿಯೇ ತಡೆಯದಿದ್ದರೆ, ಆ ತಪ್ಪು ಔಷಧದ ಚೀಟಿಯವರೆಗೂ ಹೋಗುತ್ತದೆ.

ದಾನಿಗಳು ಕೊಡುವ ಶುಲ್ಕದ ಹಣ ಇಂಥ ಎಚ್ಚರದ ಕೈಗಳನ್ನು ತಯಾರಿಸುತ್ತದೆ. ಲ್ಯಾಬ್ ತಂತ್ರಜ್ಞಾನ ಓದುವ ಮಕ್ಕಳು ಹಿಂಜರಿಯದೆ ಅರ್ಜಿ ಸಲ್ಲಿಸಬೇಕೆಂದು ಕೋರುತ್ತೇವೆ.