ನೀರು ಕಳಿಯುವ ಕಾಲ

ಚಿಕ್ಕೋಡಿ ತಾಲ್ಲೂಕಿನ ಕರೋಶಿ ಕಡಲಿನಿಂದ ದೂರದ ಊರು. ಆದರೂ ಕಡಲಿನ ಮೀನು ಸಾಕಲು ಹೊರಟವನು ಕಲಿಯಬೇಕಾದ ಮೊದಲ ಪಾಠ ಅಲ್ಲಿಯ ರೈತನಿಗೆ ಹೊಸದಲ್ಲ. ಹಸಿ ಸಗಣಿಯನ್ನು ಎಳೆಯ ಪೈರಿನ ಬುಡಕ್ಕೆ ಸುರಿದರೆ ಪೈರು ಸುಟ್ಟುಹೋಗುತ್ತದೆಂಬುದನ್ನು ಅವನು ಬಲ್ಲನು. ಆದುದರಿಂದ ಅದು ತಿಪ್ಪೆಯಲ್ಲಿ ಕಳಿತು ಗೊಬ್ಬರವಾಗುವವರೆಗೆ ಕಾಯುತ್ತಾನೆ. ನೀರಿಗೂ ಹೀಗೆಯೇ ಕಳಿಯುವ ಕಾಲವೊಂದುಂಟು.

ಗಾಜಿನ ತೊಟ್ಟಿಯಲ್ಲಿ ಶುದ್ಧ ನೀರನ್ನು ತುಂಬಿ, ಲೀಟರಿಗೆ ಸುಮಾರು 35 ಗ್ರಾಂನಂತೆ ಕಡಲುಪ್ಪನ್ನು ಕರಗಿಸಿದರೆ ಅದು ನೋಟಕ್ಕೆ ಸಮುದ್ರದ ತಿಳಿನೀರೇ ಸರಿ. ಆದರೆ ಆಗಲೇ ಮೀನುಗಳನ್ನು ಬಿಟ್ಟರೆ ಕೆಲವೇ ದಿನಗಳಲ್ಲಿ ಅವು ಏದುಸಿರು ಬಿಡುತ್ತ ಸಾಯಬಹುದು. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ತಿಂದುಳಿದ ಆಹಾರವೂ ಕೊಳೆತು ಅದನ್ನೇ ಹುಟ್ಟಿಸುತ್ತದೆ. ಅಪಾರವಾದ ಕಡಲಿನಲ್ಲಿ ಹರಡಿಹೋಗುವ ಈ ವಿಷ ತೊಟ್ಟಿಯಲ್ಲಿ ದಿನದಿನಕ್ಕೂ ಹೆಚ್ಚುತ್ತದೆ.

ಇದನ್ನು ನಿವಾರಿಸುವವರು ಯಾರು? 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಜ್ ಎಂಬ ವಿಜ್ಞಾನಿಗಳು ಚರಂಡಿಯ ನೀರನ್ನು ಮರಳು, ಸುಣ್ಣಕಲ್ಲುಗಳ ನಡುವೆ ನಿಧಾನವಾಗಿ ಇಳಿಸಿದರು. ಸುಮಾರು ಇಪ್ಪತ್ತು ದಿನಗಳಾದ ಮೇಲೆ ಅಮೋನಿಯ ನೈಟ್ರೇಟಾಗಿ ಹೊರಬರತೊಡಗಿತು. ಕ್ಲೋರೋಫಾರಂ ಸೇರಿಸಿದಾಗ ಆ ಕ್ರಿಯೆ ನಿಂತುಹೋಯಿತು. ಅಲ್ಲಿ ದುಡಿಯುತ್ತಿದ್ದುದು ಮರಳಿನಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳೆಂದು ಇದರಿಂದ ತಿಳಿಯಿತು. ಮುಂದೆ 1890ರ ಸುಮಾರಿಗೆ ರಷ್ಯದ ವಿನೊಗ್ರಾಡ್‌ಸ್ಕಿಯವರು, ಒಂದು ಗುಂಪಿನ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟಾಗಿಯೂ ಇನ್ನೊಂದು ಗುಂಪಿನವು ಅದನ್ನು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆಂದು ತೋರಿಸಿಕೊಟ್ಟರು. ಕರೋಶಿಯ ಹೊಲದಲ್ಲಿಯೂ ಕಡಲುನೀರಿನ ತೊಟ್ಟಿಯಲ್ಲಿಯೂ ದುಡಿಯುವುದು ಇಂಥ ಬಳಗವೇ.

ಆದುದರಿಂದ ಅನುಭವಿಗಳು ಮೀನಿಗಿಂತ ಮೊದಲು ಈ ಜೀವಿಗಳನ್ನು ಸಾಕುತ್ತಾರೆ. ರಂಧ್ರಗಳುಳ್ಳ ಕಲ್ಲುಗಳನ್ನು ತೊಟ್ಟಿಯಲ್ಲಿ ಜೋಡಿಸಿ, ನೀರು ಸದಾ ಚಲಿಸುವಂತೆ ಮಾಡುತ್ತಾರೆ. ಹಾಲಿಗೆ ಹೆಪ್ಪು ಹಾಕುವಂತೆ ಹಳೆಯ ತೊಟ್ಟಿಯ ಹಿಡಿ ಮರಳನ್ನು ಸೇರಿಸುತ್ತಾರೆ. ಆಹಾರವಾಗಿ ಅತ್ಯಲ್ಪ ಅಮೋನಿಯವನ್ನು ಬೆರೆಸುತ್ತಾರೆ. ಮೊದಲು ಅಮೋನಿಯ ಏರಿ ಇಳಿಯುತ್ತದೆ. ಬಳಿಕ ವಿಷಕರವಾದ ನೈಟ್ರೈಟ್ ಏರಿ ಇಳಿಯುತ್ತದೆ. ಕೊನೆಗೆ ಅಷ್ಟು ಅಪಾಯಕರವಲ್ಲದ ನೈಟ್ರೇಟ್ ಉಳಿಯುತ್ತದೆ. ಇದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಪರೀಕ್ಷೆಯಲ್ಲಿ ಮೊದಲಿನ ಎರಡೂ ಕಾಣದಾದಾಗ ನೀರಿನ ಒಂದು ಭಾಗವನ್ನು ಬದಲಾಯಿಸಿ, ಒಂದೆರಡು ಮೀನುಗಳನ್ನು ಬಿಡುತ್ತಾರೆ. ಬ್ಯಾಕ್ಟೀರಿಯಗಳು ದೊರೆತ ಆಹಾರಕ್ಕೆ ತಕ್ಕಷ್ಟೇ ಬೆಳೆದಿರುವುದರಿಂದ, ಒಮ್ಮೆಲೇ ಹಲವು ಮೀನುಗಳು ಬಂದರೆ ಅವುಗಳ ಶಕ್ತಿ ಸಾಲದು.

ಮುರ್ಡೇಶ್ವರದ ಸಮೀಪದ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಅಲ್ಲಿ ಈ ಕೆಲಸ ತಾನಾಗಿಯೇ ನಡೆಯುತ್ತಿದೆ. ದಿಬ್ಬ ಕಟ್ಟುವ ಹವಳಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ; ಅವುಗಳನ್ನು ಕಿತ್ತು ತರುವುದು ಅಪರಾಧ. ತೊಟ್ಟಿಯ ಮೀನು ತನ್ನ ನೀರನ್ನು ತಾನೇ ಆರಿಸಿಕೊಳ್ಳಲಾರದು. ಅದನ್ನು ಮನೆಗೆ ತರುವವನು ನೀರು ಕಳಿಯುವ ತನಕ ಬರಿಯ ತೊಟ್ಟಿಯನ್ನು ನೋಡುತ್ತ ಕಾಯಲೇಬೇಕು.